ಸದಸ್ಯ ಸಂಖ್ಯೆ ೪೧೭

ಕೋಡಿಬಾಗದ ನಮ್ಮ ವಾಚನಾಲಯದಲ್ಲಿ ಪುಸ್ತಕಕ್ಕೂ ತುಕ್ಕು ಹಿಡಿಯುತ್ತದೆ.
ಕಾಳಿಯ ಗಾಳಿ ಕಿಟಕಿಯಿಂದ ಬಂದು
ಮೊದಲು ಪಿನ್ನು ತಿನ್ನುತ್ತದೆ, ಆಮೇಲೆ ಕತೆ.

ಮೈದಾ ಕುದಿಸಿ ಚಿಟಿಕೆ ಮೈಲುತುತ್ತ ಹಾಕಿ
ಹರಿದದ್ದನ್ನು ಅಂಟಿಸುವುದು ನನ್ನ ಶನಿವಾರದ ಕೆಲಸ.
ಮೊನ್ನೆ ಕೈಗೆ ಬಂದದ್ದು ಬೆನ್ನು ಬಿಟ್ಟ ಒಂದು ಕಾದಂಬರಿ:
ತಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ದೋಣಿ ನುಂಗಿದ ಅಣ್ಣ
ನೂರೆಂಬತ್ತು ಪುಟ ಸುಖವಾಗಿಯೇ ಇರುತ್ತಾನೆ.
ಆಮೇಲೆ ಅನ್ನ ಸೇರುವುದಿಲ್ಲ.
ಕಾಗದ ಮಡಿಚಿ ಸೊಂಟಕ್ಕೆ ಸಿಕ್ಕಿಸಿ ರಾತ್ರಿ ಹೊರಡುತ್ತಾನೆ,
ಮೂರು ಸಲ ಅರ್ಧ ದಾರಿಯಿಂದ ತಿರುಗುತ್ತಾನೆ.

ಅಂಚಿನಲ್ಲಿ ಪೆನ್ಸಿಲ್ಲು: "ಸುಳ್ಳು. ಹೀಗೆಲ್ಲ ಯಾರೂ ಹೋಗುವುದಿಲ್ಲ."
ಕೆಳಗೆ ಅದೇ ಕೈ, ನೀಲಿ ಶಾಯಿ: "ಹೋದರೂ ಬಾಗಿಲು ಬಡಿಯುವುದಿಲ್ಲ."
ಅದರ ಕೆಳಗೆ ಅಕ್ಷರವಿಲ್ಲ,
ನಿಬ್ಬು ಬಹಳ ಹೊತ್ತು ನಿಂತಲ್ಲಿ ಹರಡಿದ ಮಸಿ.

ಇನ್ನೂರ ಹತ್ತನೆಯ ಪುಟದ ಕೊನೆಗೆ ಅವನ ಕೈ ಬಾಗಿಲಿಗೆ ಎತ್ತಿದೆ.
ಇನ್ನೂರ ಹದಿಮೂರರಲ್ಲಿ ಇಬ್ಬರೂ ಚಾ ಕುಡಿಯುತ್ತಿದ್ದಾರೆ.
ನಡುವಿನ ಹಾಳೆ ಇಲ್ಲ.
ನೂಲು ಹಿಡಿದಂತೆ ನೇರ, ಬ್ಲೇಡಿನಲ್ಲಿ ಕೊಯ್ದದ್ದು.

ಹಿಂದಿನ ಚೀಟಿ ನೋಡಿದೆ.
ಹನ್ನೊಂದು ವರ್ಷದಲ್ಲಿ ಒಂಬತ್ತು ಸಲ, ೪೧೭.
ಬೈತಖೋಲದ ವಿಠೋಬಾ ಹರಿಕಂತ್ರ.
ದಂಡದ ನೋಟೀಸು ಬರೆದೆ, ಅಂಚೆಗೆ ಹಾಕಲಿಲ್ಲ.
ಯಾಕೆಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಮಂಗಳವಾರ ಅವರೇ ಬಂದರು,
ಇಲ್ಲಿ ಯಾರೂ ಬಿಡದ ಚಪ್ಪಲಿ ಹೊರಗೆ ಬಿಟ್ಟು.
ಒದ್ದೆ ಐವತ್ತರ ನೋಟು ಮೇಜಿನ ಮೇಲೆ.
"ಒಂದ್ ಹಾಳೆ ನಾನೇ ತೆಗ್ದದ್ದು."
ಎಲ್ಲಿದೆ, ಎಂದೆ.
"ತಮ್ಮಗೆ ಕೊಟ್ಟೆ. ಅಂವ ಓದ್ಲಿ ಅಂತ."
ಓದಿದರಾ?

ಕಿಟಕಿಯಾಚೆ ಸದಾಶಿವಗಡದ ಕಡೆ ನೋಡಿದರು,
ಗುಡ್ಡ ಏನಾದರೂ ಹೇಳಿಕೊಟ್ಟೀತೆಂಬಂತೆ.
"ಅಂವಗೆ ಅಕ್ಷರ ಬರೂದಿಲ್ಲ.
ನಂಗೆ ಗೊತ್ತಿಲ್ದೆ ಏನ್ ಅಲ್ಲ.
ಬಾಗ್ಲಲ್ಲೇ ನಿಲ್ಸಿ, 'ನೀನೇ ಓದು' ಅಂದ."

ಫ್ಯಾನು ತಿರುಗಿತು. ಯಾರೋ ಪತ್ರಿಕೆ ಮಡಿಚಿದರು.

"ಅರ್ಧ ಓದ್ದೆ.
ಅಷ್ಟೊತ್ತಿಗೆ ಅವ್ನ ಹೆಂಡ್ತಿ ಒಳಗಿಂದ ದೀಪ ಹಾಕಿದ್ಲು.
ದೀಪ ಹಾಕಿದ್ಮೇಲೆ ಅಕ್ಷರ ಕಾಣ್ಲೇ ಇಲ್ಲ ಮಾರಾಯ್ರೆ."

ಕೇಳಬಾರದಿತ್ತು, ಕೇಳಿದೆ: ಚಾ ಕೊಟ್ಟರಾ?
"ಎಂತ ಚಾ! ಕೋರ್ಟಿನ ತಾರೀಕು ಯಾವತ್ತು ಅಂತ ಕೇಳ್ದ."
ಹೇಳುತ್ತ ಹೇಳುತ್ತ ಯಾಕೋ ನಕ್ಕರು.

ರಶೀದಿ ಹರಿದು ಕೊಟ್ಟೆ. ಚಿಲ್ಲರೆ ಮರೆತು ಹೋದರು.
ಇನ್ನೂರ ಹತ್ತಕ್ಕೂ ಹದಿಮೂರಕ್ಕೂ ನಡುವೆ
ಒಂದು ಬಿಳಿ ಹಾಳೆ ಸೇರಿಸಿ ಹೊಲಿದಿದ್ದೇನೆ.
ಅಂಟು ಇನ್ನೂ ಹಸಿ.
ಮೇಲೆ ಶಬ್ದಕೋಶ ಹೇರಿಟ್ಟಿದೆ.