ನಾಲ್ಕು ಗಂಟೆಯ ಕಾಲಂ

ಒಂದೊಂದು ಗೇರುಬೀಜದ ಬಗ್ಗೆಯೂ
ನಲವತ್ತೊಂದು ಸಂಗತಿ ಬರೆದಿಟ್ಟಿದ್ದೆ:
ಉದ್ದ, ಅಗಲ, ಬೆನ್ನಿನ ಬಾಗು,
ಬಿಳುಪೆಷ್ಟು, ಹಳದಿಯೆಷ್ಟು, ಅಂಟಿದ ಹೊಟ್ಟೆಷ್ಟು,
ತೂಕ, ತೇವ, ಯಾವ ಗೋಣಿ, ಯಾವ ಗಂಟೆ.
ಕ್ಯಾಮರಾಕ್ಕೆ ಕಣ್ಣೊಂದೇ. ಹಸಿವು ವಿಪರೀತ.

ಕುಲಶೇಖರದ ಫ್ಯಾಕ್ಟರಿ. ಉದ್ದ ಮೇಜಿನ ಆ ತುದಿಗೆ
ಸೆವ್ರಿನ್ ಬಾಯಿ.
ಮೂವತ್ತೊಂದು ವರ್ಷದಿಂದ ಅದೇ ಸ್ಟೂಲು.
ಅವರ ಬೆರಳು ತಾಗುವ ಮೊದಲೇ ಬೀಜಕ್ಕೆ ಗೊತ್ತು
ತಾನು ಇನ್ನೂರನಲವತ್ತೋ, ಮುನ್ನೂರಿಪ್ಪತ್ತೋ,
ಕರಟಿದ್ದೋ, ಬರೀ ಹೋಳೋ.

"ಒಂದು ಬೀಜದಲ್ಲಿ ಎಷ್ಟು ನೋಡ್ತೀರಿ ಬಾಯಿ?"
"ಎರಡು."
ಸ್ವಲ್ಪ ತಡೆದು, "ಮಳೆಗಾಲದಲ್ಲಿ ಮೂರು."
ಮೂರನೆಯದು ಏನೆಂದು ಕೇಳುವಷ್ಟರಲ್ಲಿ ಚಾ ಬಂತು.

ರಾತ್ರಿ ಕಂಕನಾಡಿಯ ರೂಮಿನಲ್ಲಿ
ಒಂದೊಂದೇ ಕಾಲಂ ಅಳಿಸುತ್ತ ಕೂತೆ.
ಉದ್ದ ಹೇಳಿದ್ದನ್ನೇ ತೂಕವೂ ಹೇಳುತ್ತಿತ್ತು, ಸುತ್ತಳತೆಯೂ,
ಒಂದೇ ಮದುವೆಯ ಸುದ್ದಿ ಮೂರು ಮನೆಯಿಂದ ಬಂದ ಹಾಗೆ.
ಇಬ್ಬರನ್ನು ಕಳಿಸಿದೆ.
ಗೋಣಿಯ ನಂಬರು ಬರೀ ಗದ್ದಲ, ಅದೂ ಹೋಯಿತು.
ಬಾಗು ಹೋಯಿತು; ಯಾರೂ ಅಳಲಿಲ್ಲ,
ಲೆಕ್ಕ ನೂರಕ್ಕೆ ತೊಂಬತ್ತಮೂರರಲ್ಲೇ ನಿಂತಿತ್ತು.
ಕೊನೆಗೆ ಆರು ಉಳಿದವು.
ಆರನೆಯದು, ಗಂಟೆ.

ಬೀಜಕ್ಕೆ ಗಂಟೆ ಗೊತ್ತೇ ಮಾರಾಯ?
ತೆಗೆದು ನೋಡಿದೆ: ಎಂಬತ್ತೆಂಟಕ್ಕೆ ಜಾರಿತು.
ಇಟ್ಟು ನೋಡಿದೆ: ಏರಿತು.
ನಾಲ್ಕು ದಾಟಿದ ಮೇಲಿನ ತಟ್ಟೆಗಳಲ್ಲಿ
ಮುನ್ನೂರಿಪ್ಪತ್ತರ ಜೊತೆಗೆ
ಕರಟಿದ್ದೂ ಸದ್ದಿಲ್ಲದೆ ಸೇರಿಕೊಂಡಿತ್ತು.

ಮರುದಿನ ಕೆಲಸವಿಲ್ಲದವನಂತೆ ಮೇಜಿನ ಬಳಿ ನಿಂತೆ.
ನಾಲ್ಕಕ್ಕೆ ಸರಿಯಾಗಿ
ಹೊಸ ಗೋದಾಮಿನ ನೆರಳು ಕಿಟಕಿಗೆ ಬಿತ್ತು.
ಬಾಯಿ ಬೀಜವೊಂದನ್ನು ಮೂಗಿನವರೆಗೆ ತಂದರು.
ಮೂಸಲಿಕ್ಕಲ್ಲ.
ಮತ್ತೊಮ್ಮೆ ತಂದರು. ಸೆರಗಿನಿಂದ ಕನ್ನಡಕ ಒರೆಸಿಕೊಂಡು
ಪಕ್ಕದ ಜಾನಕಿಯ ಕಡೆ ನೋಡಿ
ಏನೂ ಆಗದವರಂತೆ ನಕ್ಕರು.

ನಾನು ಇಷ್ಟು ದಿನ ಅಳೆದದ್ದು
ಬೀಜವನ್ನಷ್ಟೇ ಅಲ್ಲ.

ಮ್ಯಾನೇಜರಿಗೆ ಐದು ಕಾಲಂ ಕೊಟ್ಟೆ.
"ತೊಂಬತ್ತಮೂರು ಅಂದಿದ್ದಿರಲ್ಲ?"
"ಎಂಬತ್ತೆಂಟು," ಅಂದೆ.
"ಆ ಮೇಜಿನ ಮೇಲೊಂದು ಟ್ಯೂಬ್‌ಲೈಟ್ ಹಾಕಿಸಿ, ನೋಡುವ."
ಅವರು ಬರೆದುಕೊಂಡರು, ಅಥವಾ ಪೆನ್ನು ಆಡಿಸಿದರು.

ಹೊರಡುವಾಗ ಬಾಯಿ ಕೇಳಿದರು,
"ನಿಮ್ಮದರಲ್ಲಿ ಎಷ್ಟು ಉಳಿಯಿತು?"
"ಐದು."
"ಹೆಚ್ಚಾಯ್ತು," ಅಂದರು,
ತಟ್ಟೆಯಿಂದ ತಲೆ ಎತ್ತದೆ.

ಅಳಿಸಿದ ಕಾಲಂ
ಬೇರೊಂದು ಹಾಳೆಯಲ್ಲಿ ಇನ್ನೂ ಉಂಟು.
ಅದಕ್ಕೆ ಹೆಸರು ಇಟ್ಟಿಲ್ಲ.