ಅಟ್ಟ, ಮಾರಾಟಕ್ಕಿದೆ

ಶುಕ್ರವಾರ ಶುಕ್ರವಾರ ಗಾಜು ಒರೆಸುವುದು ನನ್ನ ಕೆಲಸ.
ಒಂಬತ್ತನೇ ಮಾಳಿಗೆ, ಅದರೊಳಗೊಂದು ಏಣಿ, ಏಣಿಯ ತುದಿಗೆ ಅಟ್ಟ.
ಲಾಫ್ಟ್ ಅನ್ನಬೇಕಂತೆ. ಕೊಳಂಬಕರ್ ಸಾಹೇಬರು
ಎರಡು ಸಲ ತಿದ್ದಿದರು, ಮೂರನೇ ಸಲ ಬಿಟ್ಟರು.
ನಮ್ಮಲ್ಲಿ ಅಟ್ಟವೆಂದರೆ ಮುರಿದ ಹುಟ್ಟು, ತೂತುಬಿದ್ದ ಬಲೆ,
ಮಳೆಗಾಲಕ್ಕಿಟ್ಟ ಒಣಮೀನು, ಅದಕ್ಕೆ ಹೊಂಚುವ ಬೆಕ್ಕು.
ಇಲ್ಲಿ ಒಂದು ಬಿಳೀ ಕುರ್ಚಿ,
ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿಲ್ಲ.
ಅಟ್ಟ ಹತ್ತಿದವರು ಏಣಿ ಒದೆಯುತ್ತಾರೆಂದು ಗಾದೆ;
ಈ ಏಣಿಯನ್ನು ಕಬ್ಬಿಣದಲ್ಲಿ ಮಾಡಿ ನೆಲಕ್ಕೆ ಬೆಸೆದಿದ್ದಾರೆ.

ಕೆಳಗೆ ಗೇಟಿನ ಹತ್ತಿರ ಬೋರ್ಡು:
'ಚಾರಿತ್ರಿಕ ಕೋಡಿಬಾಗದ ನೆತ್ತಿಯ ಮೇಲೆ ನಿಮ್ಮದೇ ಆಕಾಶ.'
ಎರಡು ಕೋಟಿ ಎಪ್ಪತ್ತು ಲಕ್ಷ ಎಂಬುದನ್ನು ಬರೆದಿಲ್ಲ,
ಅದು ಕೇಳಿದವರ ಕಿವಿಗಷ್ಟೇ.
ಚರಿತ್ರೆ ಎಂದರೆ ಇಲ್ಲಿದ್ದ ಉಪ್ಪಿನ ವಖಾರಿ.
ಅದರ ಬಾಗಿಲನ್ನು ತೊಳೆದು, ಎಣ್ಣೆ ಹಚ್ಚಿ
ಲಿಫ್ಟಿನ ಎದುರು ಗೋಡೆಗೆ ಹೊಡೆದಿದ್ದಾರೆ, ಮೇಲೊಂದು ದೀಪ.
ಅಜ್ಜಿ ಹೇಳುತ್ತಿದ್ದಳು, ಆ ಬಾಗಿಲು ಒಂದು ದಿನವೂ
ಸರಿಯಾಗಿ ಮುಚ್ಚಿದ್ದಿಲ್ಲವೆಂದು.
ಈಗ ಮುಚ್ಚುವ ಪ್ರಮೇಯವೇ ಇಲ್ಲ.

ಉಪ್ಪು ಮಾತ್ರ ಜಾಗ ಬಿಟ್ಟಿಲ್ಲ.
ಒರೆಸಿ ಹೋದ ಏಳು ದಿನಕ್ಕೆ ಗಾಜಿನ ಹೊರಗೆ
ಮತ್ತೆ ಬಂದು ಕೂತಿರುತ್ತದೆ, ಬಾಡಿಗೆ ಕೊಡದೆ.

ಎರಡು ವರ್ಷದ ಹಿಂದೆ, ದಸರೆ ಮುಗಿದ ವಾರ,
ಒದ್ದೆ ಬಟ್ಟೆ ಹಿಡಿದು ಅಟ್ಟದ ಗಾಜಿನ ಮುಂದೆ ನಿಂತಿದ್ದೆ.
ಕಲೆಯೊಂದು ಹೋಗಲೊಲ್ಲದು.
ಉಜ್ಜಿದೆ. ಉಗುರಲ್ಲಿ ಕೆರೆದೆ.
ಕಲೆ ಮೆಲ್ಲಗೆ ತೆಂಕಕ್ಕೆ ಸರಿಯಿತು.

ಗಾಜಿನ ಮೇಲಲ್ಲ, ನೀರಿನ ಮೇಲೆ!
ಕೂರ್ಮಗಡಕ್ಕೂ ದಂಡೆಗೂ ನಡುವೆ
ಕುಂಕುಮ ಕದಡಿದ ಹಾಗೆ ಒಂದು ಮಬ್ಬುಗೆಂಪು,
ಅದರ ಮೇಲೆ ಮುಕುರಿದ ಹಕ್ಕಿಗಳು.
ಬಂಗಡೆ.

ನಮ್ಮವರಿಗೆ ಮೊದಲೊಂದು ಗುಡ್ಡವಿತ್ತು.
ಕಣ್ಣು ಚುರುಕಿದ್ದವನೊಬ್ಬ ಅಲ್ಲಿ ಕೂತು
ಹಿಂಡು ಕಂಡರೆ ಪಂಚೆ ಬೀಸುತ್ತಿದ್ದ.
ಬೀಸಿದ ದಿಕ್ಕಿಗೆ ದೋಣಿ, ದೋಣಿಯ ಹಿಂದೆ ರಂಪಣಿ,
ರಂಪಣಿಯ ಹಗ್ಗಕ್ಕೆ ಇಡೀ ಕೇರಿ.
ಗುಡ್ಡ ತಂತಿಬೇಲಿಯೊಳಗೆ ಹೋಯಿತು, ಕೇರಿ ಇಲ್ಲಿಗೆ ಬಂತು.
ಮಾವ ಸಾಯುವವರೆಗೂ ಮರಳಿನಲ್ಲಿ
ತುದಿಗಾಲ ಮೇಲೆ ನಿಂತು ನೋಡುತ್ತಿದ್ದ.
ಆಳೆತ್ತರದಿಂದ ಕಡಲು ಬರೀ ಒಂದು ಗೆರೆ.

ಆವತ್ತು ಉಲ್ಲಾಸನಿಗೆ ಫೋನು ಹಚ್ಚಿದೆ.
'ಎಲ್ಲಿದ್ದಿ ಅಕ್ಕ?'
'ಅಟ್ಟದಲ್ಲಿ.'
'ಯಾರ ಅಟ್ಟ?'
'ಎಡಕ್ಕೆ ಹೋಗು ಮಾರಾಯ, ಇನ್ನೂ ಎಡಕ್ಕೆ!'

ಅಂದಿನಿಂದ ಎಂಡಿ ಬಲೆಯ ಪಾಲಿನಲ್ಲಿ
ದೋಣಿಗೆ ಎರಡು, ಬಲೆಗೆ ಮೂರು, ಅಟ್ಟಕ್ಕೆ ಒಂದು.
ಶುಕ್ರವಾರದ ಕೆಲಸ ವಾರಕ್ಕೆ ನಾಲ್ಕು ದಿನವಾಯಿತು.
'ಎಂಥ ನಿಯತ್ತಿನ ಹೆಂಗಸು' ಎಂದು ಕೊಳಂಬಕರ್ ಸಾಹೇಬರು
ದೀಪಾವಳಿಗೆ ಸೀರೆ ಕೊಟ್ಟರು. ಉಟ್ಟೆ.
ನಾಚಿಕೆಯೇನೂ ಆಗಲಿಲ್ಲ.
ಸೆರಗು ಹೊದೆಯುವಾಗ ಸ್ವಲ್ಪ ಆಯಿತು.

ನಿನ್ನೆ ಹುಬ್ಬಳ್ಳಿಯಿಂದ ಗಂಡ ಹೆಂಡತಿ ಬಂದಿದ್ದರು.
ಆತ ಗೋಡೆ ತಟ್ಟಿದ, ನಲ್ಲಿ ತಿರುಗಿಸಿದ,
ಕಾರು ಎಷ್ಟು ನಿಲ್ಲುತ್ತವೆಂದು ಕೇಳಿದ.
ಆಕೆ ಯಾರೂ ಹೇಳದೆ ಚಪ್ಪಲಿ ಬಿಟ್ಟಳು,
ಏಣಿ ಹತ್ತಿದಳು, ಆ ಬಿಳೀ ಕುರ್ಚಿಯಲ್ಲಿ
ಪ್ಲಾಸ್ಟಿಕ್ಕು ಚರಪರ ಅನ್ನುವಂತೆ ಕೂತಳು.
ತುಂಬ ಹೊತ್ತು ಸುಮ್ಮನಿದ್ದಳು.
ನಮ್ಮ ಮಾವನೂ ಹಾಗೆಯೇ ಕೂರುತ್ತಿದ್ದ, ಬಾಯಿ ಅರ್ಧ ತೆರೆದು.
ಆಮೇಲೆ ಎದ್ದು ಬಂದು ಗಾಜಿಗೆ ಬೆರಳು ಒತ್ತಿದಳು:
'ಅದೇನ್ರೀ ನೀರಾಗ, ಕೆಂಪಗ?'

ಬೆರಳ ಗುರುತು ಕರಾರುವಾಕ್ಕಾಗಿ ಹಿಂಡಿನ ಮೇಲೆ.

'ಮೋಡದ ನೆರಳು' ಅಂದೆ.

ಆಕೆ ಮೇಲೆ ನೋಡಿದಳು.
ತೊಳೆದಿಟ್ಟ ಆಕಾಶ, ಹತ್ತಿಯೆಳೆಯಷ್ಟೂ ಮೋಡವಿಲ್ಲ.
ನನ್ನ ಸೊಂಟದ ಸಂಚಿಯಲ್ಲಿ ಫೋನು ನಡುಗುತ್ತಿತ್ತು,
ನಿಂತಿತು, ಮತ್ತೆ ನಡುಗಿತು.

'ತಗೋರಿ' ಅಂದಳು, ಕಡಲಿಂದ ಕಣ್ಣು ಕೀಳದೆ,
'ಯಾರೋ ಕಾಯಾಕತ್ತಾರ.'