ತಡೆಬಟ್ಟೆ

ಬೋಟುಗಳೆಲ್ಲ ದಕ್ಕೆಗೆ ಕಟ್ಟಿಸಿಕೊಂಡು ಸುಮ್ಮನಿರುವ ಜುಲೈ.
ಮಲ್ಪೆಯ ಬಲೆ ಶೆಡ್ಡಿಗೆ ಬಂದಳು
ಕಿದಿಯೂರಿನ ಪ್ರಮಿತಾ ತಿಂಗಳಾಯ,
ಕುತ್ತಿಗೆಗೆ ಪಟ್ಟಿ, ಬೆನ್ನಿಗೆ ಚೀಲ.
"ಪ್ಯಾರಾಶೂಟ್ ಶೀನಣ್ಣ ಅಂದ್ರೆ ನೀವೆಯಾ?"

ನಾನೇ.
ಆಗ್ರಾದಲ್ಲಿ ಇಪ್ಪತ್ತೆರಡು ವರ್ಷ
ಬೇರೆಯವರ ಆಕಾಶ ಮಡಿಸಿ ಕೊಟ್ಟವನು.
ಹಾರಿದವನಲ್ಲ.

ಬಲೆಗಳನ್ನು ಸರಿಸಿ, ಗುಡಿಸಿ, ಹಾಸಿದೆವು:
ಒಂಬತ್ತು ಕೋಣೆಯ ಹಳದಿ ನೈಲಾನು.
"ಬಿಚ್ಚಿಕೊಂಡದ್ದೇ ಗೊತ್ತಾಗ್ಲಿಲ್ಲ ಮಾರಾಯ್ರೆ,
ಯಾರೋ ಹಿಂದಿನಿಂದ ಬಾರಿಸಿದ ಹಾಗೆ.
ಕಣ್ಣು ಬಿಟ್ಟರೆ
ನನ್ನದೇ ಬೂಟು ನನ್ನ ಮುಖದ ಎದುರು."

ನಾನು ಹಳದಿಯನ್ನು ನೋಡಲಿಲ್ಲ.
ಹಗ್ಗಗಳ ನಾಲ್ಕು ಗೊಂಚಲಿನ ನಡುವೆ ಕೈ ಹಾಕಿ
ಸಣ್ಣ ಚೌಕವೊಂದನ್ನು ಹೊರಗೆಳೆದೆ.
ಮೂಲೆಗೊಂದು ಬಳೆ.
ಊಟದ ಬಾಳೆಲೆಯಷ್ಟೂ ಇಲ್ಲ.

"ಈ ಸ್ಲೈಡರ್ ಯಾರು ಹಾಕಿದ್ದು?"
"ಒಬ್ಬ ಫ್ರೆಂಡು. ಹಳೇದು ದೊಡ್ಡ ಇತ್ತು,
ಇಳಿಯುವಾಗ ತಲೆ ಮೇಲೆ ಪಟಪಟ ಬಡೀತಿತ್ತು.
ಇದು ಜಾಲರಿಯದ್ದು. ಚಂದ ಉಂಟು, ಸದ್ದಿಲ್ಲ."

ಸದ್ದಿಲ್ಲ, ಹೌದು.
ಜಾಲರಿ ಯಾರನ್ನೂ ತಡೆದು ಕೇಳುವುದಿಲ್ಲ.

ಗಾಳಿ ಒಂದೇ, ಹುಡುಗಿ, ಹಟ ಎರಡು.
ಮೇಲೆ ಕೋಣೆಗಳಿಗೆ ನುಗ್ಗಿದ ಗಾಳಿ
ಹಗ್ಗಗಳನ್ನು ನಾಲ್ಕು ದಿಕ್ಕಿಗೆ ಅಗಲಿಸುತ್ತ
ಈ ಚೌಕವನ್ನು ಕೆಳಗೆ ದೂಡುತ್ತದೆ.
ಕೆಳಗಿನಿಂದ ಬರುವ ಗಾಳಿ
ಇದರ ಹೊಟ್ಟೆಗೆ ತಲೆ ಕೊಟ್ಟು ಮೇಲೇ ಹಿಡಿಯುತ್ತದೆ.
ಆ ಜಗಳ ಎಷ್ಟು ಹೊತ್ತೋ
ನಿನ್ನ ಕುತ್ತಿಗೆಗೆ ಅಷ್ಟು ಪುರುಸೊತ್ತು.
ಚೌಕ ಚಿಕ್ಕದಾದರೆ ಜಗಳವೇ ಇಲ್ಲ, ಒಂದೇ ಏಟು.
ಹಾಗಂತ ಚಾದರದಷ್ಟು ಹಾಕಿದರೆ
ಮೇಲೆಯೇ ಕೂತುಬಿಡುತ್ತದೆ, ಮುನಿಸಿಕೊಂಡ ನೆಂಟನಂತೆ.
ನೆಲಕ್ಕೆ ಕಾಯುವ ಅಭ್ಯಾಸವಿಲ್ಲ.

ಮೂಲೆಯಲ್ಲಿ ಬಲೆ ಕಟ್ಟುತ್ತಿದ್ದ ದೂಮ ಕರ್ಕೇರ
ಬೀಡಿ ಆರಿಸಿ ಬಂದ.
ಬಳೆಯೊಳಗೆ ಬೆರಳು ತೂರಿಸಿ ತಿರುಗಿಸಿದ.
"ನಮ್ಮ ಪರ್ಸೀನಿಗೂ ಬಳೆ ಉಂಟು.
ಹಗ್ಗ ಎಳೆದ್ರೆ ಬುಡ ಮುಚ್ತದೆ, ಬಂಗುಡೆ ಒಳಗೆ.
ಇದು ಉಲ್ಟಾ. ಬಳೆ ಜಾರಿದ್ರೆ ಬಿಚ್ತದೆ,
ಒಳಗೆ ಮಾತ್ರ ಎಂತದೂ ಇಲ್ಲ."
"ಇವಳಿದ್ದಾಳಲ್ಲ."
"ಇವಳು ಹೊರಗೆ ನೇತಾಡುವುದು!"
ಅವಳು ನಕ್ಕಳು,
ಕೂಡಲೇ ಕುತ್ತಿಗೆ ಹಿಡಿದುಕೊಂಡಳು.

ಎರಡು ದಿನ ಹೊಲಿದೆ.
ಅಡ್ಡಕ್ಕೆ ಮೂರಿಂಚು, ಉದ್ದಕ್ಕೆ ಎರಡು ಹೆಚ್ಚಿಗೆ,
ಗಾಳಿ ನುಸುಳದ ಬಟ್ಟೆ.
ನಡುವೆ ಒಂದಿಷ್ಟು ಉಬ್ಬು ಬಿಟ್ಟೆ,
ಮೊದಲ ಗಾಳಿ ಅಲ್ಲಿ ತಂಗಿ ಹೋಗಲಿ ಎಂದು.
ಅವಳ ಪಟಪಟಕ್ಕೆ ಒಂದು ಲಾಡಿ:
ಎಲ್ಲ ಬಿಚ್ಚಿಯಾದ ಮೇಲೆ ಎಳೆದರೆ
ಚೌಕ ಮುದುಡಿ ಸುಮ್ಮನಾಗುತ್ತದೆ.
ಬಳೆಗಳ ಒಳಅಂಚಿಗೆ
ಮೂಗಿನ ತುದಿ ತಾಗಿಸಿ ನೋಡಿದೆ;
ಒಂದು ಕೂದಲಿನಷ್ಟು ಗೀರಿದ್ದರೂ
ಹಗ್ಗಕ್ಕೆ ಅದು ಚೂರಿ.

ಹೇಳಬೇಕೆಂದಿರಲಿಲ್ಲ, ಹೇಳಿದೆ:
ತೊಂಬತ್ತೇಳರಲ್ಲಿ ನಾನು ಮಡಿಸಿದ ಒಂದರಲ್ಲಿ
ಸ್ಲೈಡರು ತುದಿ ಮುಟ್ಟಿರಲಿಲ್ಲ.
ನಾಲ್ಕು ಬೆರಳು ಕೆಳಗಿತ್ತು. ಅಷ್ಟೇ.
ಹವಾಲ್ದಾರನ ಹೆಸರು ಬೇಡ. ಬದುಕಿದ್ದಾನೆ.
ಪಕ್ಕದಲ್ಲಿ ಯಾರಾದರೂ ಕರೆದರೆ
ಈಗಲೂ ಇಡೀ ಮೈ ತಿರುಗಿಸುತ್ತಾನಂತೆ.
ದೂಮ ಕೇಳಿಸದವನಂತೆ ದಾರ ಸುತ್ತುತ್ತಿದ್ದ.
ಅವಳು ಮಾತ್ರ
ನಾನು ಮಡಿಸುವಾಗ ಬಗ್ಗಿ
ಚೌಕವನ್ನು ತಾನೇ ಏರಿಸಿ,
ತುದಿ ತಾಗಿದ ಮೇಲೂ ಇನ್ನೊಮ್ಮೆ ಒತ್ತಿದಳು.

ಡಿಸೆಂಬರಿನಲ್ಲಿ ಫೋನು.
ಎಲ್ಲಿ ಹಾರಿದ್ದೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.
"ನಾಲ್ಕು ಸೆಕೆಂಡು, ಶೀನಣ್ಣ! ಲೆಕ್ಕ ಮಾಡಿದೆ.
ನಿಧಾನ ಇಳೀತಾ ಬಂತು, ತಲೆ ಎತ್ತಿ ನೋಡಿದೆ.
ನಿಮ್ಮ ಹೊಲಿಗೆ
ಒಂದು ಕಡೆ ಸೊಟ್ಟ ಉಂಟು."

ಉಂಟು. ಎಡಗಡೆ.
ಅಲ್ಲಿ ದಾರ ಮುಗಿದಿತ್ತು.